ಪಾಕೀಟಿನ ಮೇಲಿನ ಅತ್ತೆ

ಬಬಲೇಶ್ವರದ ಬಸ್ಸಿನಲ್ಲಿ ಮುರಿಗೆವ್ವನ ಮುಖ ನೋಡಿದ ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತ.

“ಆಯಿ, ಶೇಂಗಾ ಹಿಂಡಿ ಪಾಕೀಟಿನ ಮ್ಯಾಲ ಇರೋರು ನೀವಽ ಅಲ್ಲೇನ್ರಿ?”

“ಹೌದೋ ಯಪ್ಪಾ. ಪಾಕೀಟಿನ್ಯಾಗ ಜರಾ ಹರೇದಾಕಿ ಕಂಡಂಗ ಕಾಣ್ತೇನಿ, ಅಲ್ಲ?”

“ಕೈ ಅಂದ್ರ ನಿಮ್ದು ಬಿಡ್ರಿ! ಹಿಂಡಿ ಇಲ್ಲಂದ್ರ ನಮ್ಮ ಮನ್ಯಾಗ ಯಾರೂ ರೊಟ್ಟಿ ಮುಟ್ಟೂದಿಲ್ಲ.”

ಮುರಿಗೆವ್ವ ಸೆರಗು ಸರಿಮಾಡಿಕೊಂಡಳು. ಪಕ್ಕದಲ್ಲಿದ್ದ ಸೊಸೆ ವಿದ್ಯಾವತಿ ಕಿಟಕಿಯಾಚೆ ನೋಡುತ್ತ, ಒನಕೆ ಹಿಡಿದು ಜಡ್ಡುಗಟ್ಟಿದ ಅಂಗೈಯನ್ನು ಉಜ್ಜಿಕೊಂಡಳು. ರೊಟ್ಟಿಗೆ ಹಚ್ಚಿಕೊಳ್ಳುವ ಆ ಶೇಂಗಾ ಚಟ್ನಿಪುಡಿ, ಹಿಂಡಿ, ಕುಟ್ಟುವವಳು ಅವಳು. ವಿಜಯಪುರದ ಇಬ್ರಾಹಿಂಪುರದ ಮನೆಯಲ್ಲಿ ಓಣಿಯವರಿಗೆಂದು ಕುಟ್ಟಲು ಶುರುಮಾಡಿದ್ದು ಈಗ ಅಂಗಡಿ ಅಂಗಡಿಗೆ ಹೋಗುತ್ತಿತ್ತು. ಪಾಕೀಟು ಅಚ್ಚು ಹಾಕಿಸುವಾಗ ಗಂಡ ಅರುಣಕುಮಾರ ತನ್ನ ತಾಯಿಯ ಫೋಟೋ ಕೊಟ್ಟಿದ್ದ.

ಹೋದ ವಾರ ಬಬಲೇಶ್ವರದ ಮಹಿಳಾ ಸಂಘದಿಂದ ಫೋನು ಬಂದಿತ್ತು. ಪ್ರತಿ ಗುರುವಾರ ಹಿಂಡಿ ಮಾಡುವುದನ್ನು ಕಲಿಸಲು ಒಬ್ಬರು ಬೇಕು, ಸಂಬಳ ಕೊಡುತ್ತೇವೆ, ಮೊದಲ ಪಾಠ ನೋಡಿ ಗೊತ್ತುಮಾಡುತ್ತೇವೆ, ಆದರೆ ಬರಬೇಕಾದವರು ಪಾಕೀಟಿನ ಮೇಲಿನ ಆಯಿ. ಅಂದು ಮನೆಯಲ್ಲಿ ಸಣ್ಣ ಜಟಾಪಟಿಯೇ ಆಯಿತು.

“ಕಲಸಾಕ ನಾ ಹೋಗ್ತೇನ್ರಿ ಅತ್ತಿ,” ಎಂದಳು ವಿದ್ಯಾವತಿ. “ನನ್ನೂ ನಾಕು ಮಂದಿ ಗುರುತು ಹಿಡೀಲಿ.”

“ಮಂದಿ ಖಾರ ನೋಡಿ ತಗೋಳೂದಿಲ್ಲ ವಿದ್ಯಾ, ಮುಖ ನೋಡಿ ತಗೋತಾರ,” ಎಂದ ಅರುಣಕುಮಾರ. “ಬಿಳಿ ಕೂದಲ, ಹಣಿತುಂಬ ವಿಭೂತಿ ಕಂಡ್ರ ನಂಬಿಗಿ ಬರ್ತೈತಿ. ನಿನ್ನ ಮುಖ ಹಾಕಿದ್ರ, ‘ಏ, ಇದು ಮಿಕ್ಸರ್ ಹಿಂಡಿ’ ಅಂತಾರ.”

“ಅದರಾಗ ಸುಳ್ಳೇನೈತಿ?” ಮುರಿಗೆವ್ವ ಮಗನ ಪರ ನಿಂತಳು. “ಮನಿ ನಂದು, ಒಳ್ಳು ನಂದು, ಸೊಸಿನೂ ನಂದು. ಕೈ ಯಾರದಾದ್ರೇನ?”

“ಹಂಗಾದ್ರ ಕೈ ನೋವೂ ನಿಮ್ದಽ ಆಗ್ಲಿ ಬಿಡ್ರಿ!”

ಕೊನೆಗೆ ಮುರಿಗೆವ್ವನೇ ತೀರ್ಪು ಕೊಟ್ಟಳು: “ಇಬ್ರೂ ಹೋಗೂಣು. ಮಾತು ನಂದು, ಕೆಲಸ ನಿಂದು.”

ಸಂಘದ ಕೋಣೆಯಲ್ಲಿ ಹಾಗೆಯೇ ಆಯಿತು. ಅಧ್ಯಕ್ಷೆ ಚಂದ್ರಾಬಾಯಿ ಮುರಿಗೆವ್ವನಿಗೆ ಶಾಲು ಹೊದಿಸಿ ಕುರ್ಚಿಯ ಮೇಲೆ ಕೂರಿಸಿದರು. ವಿದ್ಯಾವತಿ ಕುರ್ಚಿಯ ಪಕ್ಕ ನೆಲದ ಮೇಲೆ ಒರಳಿನ ಮುಂದೆ ಕುಳಿತಳು. ಕೇಳಿದ್ದಕ್ಕೆಲ್ಲ ಸೊಸೆ ಕೆಳಗಿಂದ ಪಿಸುಗುಟ್ಟುವುದು, ಅತ್ತೆ ಮೇಲಿಂದ ಒಗ್ಗರಣೆ ಹಾಕಿ ಸಾರುವುದು.

“ಆರಬೇಕು,” ಎಂದಿತು ಪಿಸುಮಾತು.

“ಹುರದ ಶೇಂಗಾ ಪೂರಾ ಆರಬೇಕವ್ವಾ! ಬಿಸಿ ಇದ್ದಾಗ ಕುಟ್ಟಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತೈತಿ, ನನ್ನಂಗ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಮುರಿಗೆವ್ವನಿಗೆ ಹುರುಪು ಏರಿತು. ಆಗ ಮುಂದೆ ಕೂತಿದ್ದ ನೇತ್ರಾ ಎಂಬ ಹುಡುಗಿ ಕೇಳಿದಳು, “ಆಯಿ, ಬಳ್ಳೊಳ್ಳಿ ತೊಳೀಬೇಕೇನ್ರಿ?”

ಇದಕ್ಕೆ ಮುರಿಗೆವ್ವ ಪಿಸುಮಾತಿಗೆ ಕಾಯಲಿಲ್ಲ. ಮಡಿ, ಸ್ವಚ್ಛತೆ ಎಂದರೆ ಓಣಿಯಲ್ಲೇ ಅವಳ ಹೆಸರು.

“ಇದೇನ್ ಕೇಳ್ತಿ ಬೇ! ತೊಳೀಲಾರ್ದ ಹಾಕಿದ್ರ ಮಂದಿ ಏನಂದಾರು? ಮೂರು ಸಲ ತೊಳೀರಿ!”

“ಆತ್ರಿ ಆಯಿ. ಕಿವ್ಯಾನ ಬೆಂಡೋಲಿ ಒತ್ತಿ ಇಟ್ಟು ಒಂದು ಚೀಲ ಶೇಂಗಾ ತಂದೇನ್ರಿ. ನಾಳೆ ಎಲ್ಲಾ ಕುಟ್ಟಿ ಪಾಕೀಟ ಮಾಡಿಬಿಡ್ತೇನಿ.”

ಒನಕೆಯ ಸದ್ದು ನಿಂತಿತು. ಮುರಿಗೆವ್ವ ಬಗ್ಗಿ ಪಿಸುಗುಟ್ಟಿದಳು. “ಯಾಕ ನಿಲ್ಲಿಸಿದಿ?”

“ತೊಳದ್ರ ಪಸಿ ಉಳೀತೈತ್ರಿ ಅತ್ತಿ. ಹಿಂಡಿ ಕೆಡ್ತೈತಿ.”

“ನಾ ಮೊದ್ಲ ತೊಳದಽ ಹಾಕ್ತಿದ್ನೆಲ್ಲ?”

“ಅದು ಮನಿಗಿ. ನಾಕು ದಿನದಾಗ ತಿಂದು ಮುಗಸ್ತಿದ್ವಿ. ಪಾಕೀಟ ತಿಂಗಳಾನಗಟ್ಟಲೆ ಅಂಗಡ್ಯಾಗ ಇರ್ತೈತಿ.” ವಿದ್ಯಾವತಿ ತಾನೇ ದಾರಿ ತೋರಿಸಿದಳು. “ಬಾಯಿ ತಪ್ಪಿ ಅಂದ್ನಿ ಅನ್ರಿ. ಯಾರಿಗೂ ಗೊತ್ತಾಗೂದಿಲ್ಲ.”

ಮುರಿಗೆವ್ವ ಹಾಗೆನ್ನಲು ಬಾಯಿ ತೆರೆದಳು. ನೇತ್ರಾಳ ಕಿವಿಯತ್ತ ಕಣ್ಣು ಹೋಯಿತು. ಒತ್ತೆ ಇಟ್ಟ ಬೆಂಡೋಲೆ ಇರಬೇಕಾದಲ್ಲಿ ಕಸಬರಿಗೆ ಕಡ್ಡಿ. ಈ ಹುಡುಗಿ ನಂಬಿದ್ದು ತನ್ನ ಮುಖವನ್ನು. ಮುಂದಿನ ಗುರುವಾರ ಇನ್ನೊಬ್ಬಳು ಇನ್ನೇನೋ ಕೇಳುತ್ತಾಳೆ, ತಾನು ಇನ್ನೇನೋ ಹೇಳುತ್ತೇನೆ.

ಅವಳು ಮೊಣಕಾಲು ಹಿಡಿದುಕೊಂಡು ಕುರ್ಚಿಯಿಂದ ಇಳಿದಳು. “ಸರೀರಿ ಸ್ವಲ್ಪ,” ಎನ್ನುತ್ತ ಹೆಂಗಸರ ನಡುವೆ, ನೇತ್ರಾಳ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಳು.

“ತಂಗೀ, ನಾ ಹೇಳಿದ್ದು ತಪ್ಪು. ಬಳ್ಳೊಳ್ಳಿ ತೊಳೀಬ್ಯಾಡ. ಈ ಹಿಂಡಿ ನನ್ನ ಕೈಯಾಂದಲ್ಲ, ನಮ್ಮ ವಿದ್ಯಾಂದು. ಪಾಕೀಟಿನ ಮ್ಯಾಲ ನಾ ಸುಮ್ನ ನೊಣ ಹೊಡಕೋತ ಕುಂತೇನಿ.”

ಚಂದ್ರಾಬಾಯಿ ಮೆಲ್ಲಗೆ ಕೇಳಿದರು, “ಹಂಗಾದ್ರ ಗುರುವಾರ ಬರೋರು ಯಾರ್ರಿ?”

“ಬಲ್ಲಾಕಿ ಬರ್ತಾಳ. ನಾ ಬೇಕಾದ್ರ ಕಲ್ಯಾಕ ಬರ್ತೇನಿ.”

ಎಲ್ಲರ ಕಣ್ಣು ವಿದ್ಯಾವತಿಯ ಮೇಲೆ. ಅತ್ತೆ ಕೆಳಗೆ ಕುಳಿತಿರುವಾಗ ಸೊಸೆ ಎದ್ದು ನಿಂತು ಮಾತಾಡುವುದೆಂದರೆ! ಅವಳು ಒನಕೆಯನ್ನು ಬಿಗಿಯಾಗಿ ಹಿಡಿದು ಹಾಗೇ ಕುಳಿತಿದ್ದಳು. ಮುರಿಗೆವ್ವ ಟೀಚರಮ್ಮನ ಮುಂದೆ ಶಾಲೆಯ ಮಕ್ಕಳು ಎತ್ತುವಂತೆ ಕೈ ಎತ್ತಿದಳು.

“ಅಕ್ಕೋರ, ಬಳ್ಳೊಳ್ಳಿ ಹೆಂಗ ಹಾಕೂದ್ರಿ?”

ವಿದ್ಯಾವತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು ನಿಂತಳು. “ಒಣ ಅರಿಬಿಲೆ ಒರಸ್ರಿ. ಸಿಪ್ಪಿ ಇದ್ರ ಇರ್ಲಿ, ನೀರು ಮಾತ್ರ ತಾಕಬಾರ್ದು…” ಮೊದಮೊದಲು ತಡವರಿಸಿದ ದನಿ ಬರಬರುತ್ತ ಗಟ್ಟಿಯಾಯಿತು. ನೇತ್ರಾ ಮುಂದೆ ಬಗ್ಗಿ ಕಣ್ಣು ಕೀಳದೆ ಕೇಳುತ್ತಿದ್ದಳು.

ಮುರಿಗೆವ್ವನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ನೇತ್ರಾಳ ಪಕ್ಕೆ ತಿವಿದಳು. “ಬಿಜ್ಜರಗಿ ಊರಿಗಿ ಹೋಗಿ ಈ ಸೊಸೀನ ಆರಿಸಿ ತಂದಾಕಿ ನಾನಽ ನೋಡ. ಅವತ್ತಽ ಅಂದಿದ್ನಿ…”

ವಿದ್ಯಾವತಿ ಒನಕೆಯಿಂದ ಒರಳಿನ ಅಂಚಿಗೆ ಠಕ್ಕೆಂದು ಬಡಿದಳು.

“ಚಾಪಿ ಮ್ಯಾಲಿನ ಆಯಿ, ಮಾತಾಡಬ್ಯಾಡ್ರಿ.”

ಕೋಣೆಯೆಲ್ಲ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕ ಮುರಿಗೆವ್ವ ಬಾಯಿಗೆ ಬೆರಳಿಟ್ಟುಕೊಂಡು, ಪಾಠ ಕೇಳಲು ನೆಟ್ಟಗೆ ಕುಳಿತಳು.