ಗೋಡೆಯಾಚೆಗಿನ ಕೀಲು

ಒಂದೂರಲ್ಲಿ ಒಂದು ಬಾಗಿಲಿತ್ತಂತೆ. ಊರಿನ ಬಾಗಿಲುಗಳೆಲ್ಲ ತೆರೆದು ಮುಚ್ಚಿ ಸುಖವಾಗಿದ್ದರೆ, ಇದು ಮಾತ್ರ ಬಾಲಮಂದಿರದ ಮರಗೆಲಸದ ಕೋಣೆಯಲ್ಲಿ ಗೋಡೆಗೊರಗಿ ಸುಮ್ಮನೆ ನಿಂತಿತ್ತಂತೆ. ರಾಕ್ಷಸನ ಶಾಪವೇ ಎಂದರೆ ಅಲ್ಲ, ಅನುದಾನದ ಶಾಪ.

ಅದನ್ನು ಮಾಡಿದವನು ಒಬ್ಬ ಹುಡುಗ. ಟೈಲರ್ ಅಜ್ಜಿಯ ಅಂಗಡಿ ಬಾಗಿಲನ್ನು ಒದ್ದು ಮುರಿದು, ಗಲ್ಲಾಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿಬಿದ್ದವನು. ಹೊಸ ಬಾಗಿಲು ಮಾಡಿ ಅಲ್ಲಿ ನಿಲ್ಲಿಸಿದ ದಿನ ಚಿಕ್ಕಮ್ಮನ ಮನೆಗೆ ಹೋಗಬಹುದು ಎಂದು ನ್ಯಾಯಾಧೀಶೆ ಹೇಳಿದ್ದರು. ನಿಲ್ಲಿಸಿಯೇ ನಿಲ್ಲಿಸುತ್ತೇನೆ ಎಂದು ಹುಡುಗ ಮಾತು ಕೊಟ್ಟಿದ್ದ. ಮರಗೆಲಸ ಕಲಿಸುವ ಅಕ್ಕ ಪಕ್ಕದಲ್ಲೇ ನಿಂತು ಹೂಂ ಅಂದಿದ್ದಳು. ಆ ಹೂಂ ಈಗ ಅವಳ ಕೊರಳಿಗೇ ಸುತ್ತಿಕೊಂಡಿತ್ತು.

ಹಲಗೆಗೆ ಹಣ ಬಂತು. ಬಾಗಿಲು ತಿರುಗಲು ಬೇಕಾದ ಕಬ್ಬಿಣದ ಕೀಲುಗಳಿಗೆ ಬರಲಿಲ್ಲ.

"ಹಲಗೆ ತಪ್ಪು ತಿದ್ದೋ ಯೋಜನೇಲಿ ಬರತ್ತಮ್ಮ," ಎಂದರು ಅನುದಾನದ ಅಧಿಕಾರಿ. ಮಕ್ಕಳು ಅವರಿಗೆ ಕಂತಿನ ಸಾಹೇಬರು ಎಂದು ಹೆಸರಿಟ್ಟಿದ್ದರು. "ಅದು ಬಾಲಮಂದಿರದ ಗೋಡೆಯೊಳಗಿನ ಕೆಲಸ. ಕೀಲು ಹಾಕೋದು ಹೊರಗೆ, ಅಂಗಡೀಲಿ. ಹೊರಗಿನದಕ್ಕೆಲ್ಲ 'ಮರಳಿ ಮನೆಗೆ' ಯೋಜನೆ. ಆ ದುಡ್ಡು ಹುಡುಗ ಬಿಡುಗಡೆ ಆದ್ಮೇಲೇನೇ."

"ಬಾಗಿಲು ನಿಲ್ಲಿಸದೆ ಬಿಡುಗಡೆ ಇಲ್ಲ ಸಾರ್," ಎಂದಳು ಅಕ್ಕ.

"ಹೌದಲ್ವಾ!" ಸಾಹೇಬರು ನಿಜಕ್ಕೂ ಮರುಗಿದರು. "ಪಾಪ. ಮೇಲಿನವರಿಗೆ ಬರೆದು ಕೇಳ್ತೀನಿ."

"ನಾನೇ ತಂದ್ಬಿಡ್ತೀನಿ. ಏನ್ಮಹಾ, ಒಂದು ಜೊತೆ ಕೀಲು."

"ಅಯ್ಯೋ, ಬೇಡ ತಾಯಿ! ಹೋದ ಸಲ ನೀವು ಕೈಯಿಂದ ದುಡ್ಡು ಹಾಕಿ ಮೊಳೆ ತಂದಿದ್ದಕ್ಕೇ ಆಕ್ಷೇಪಣೆ ಬಂದು ಇಡೀ ಕಂತು ನಿಂತೋಗಿತ್ತು. ಮರೆತ್ರಾ?"

ಮರೆತಿರಲಿಲ್ಲ. ಆ ಸಲ ಮಕ್ಕಳು ಉಳಿ ಹಿಡಿಯದೆ ಗೋಡೆ ನೋಡುತ್ತಾ ಕೂತಿದ್ದರು.

ಟೈಲರ್ ಅಜ್ಜಿ ಫೋನಿನಲ್ಲೇ ಹರಿಹಾಯ್ದರು. "ಬಾಗಿಲ ಜಾಗಕ್ಕಿಟ್ಟ ತಗಡಿಗೆ ಹಗ್ಗ ಕಟ್ಟೀ ಕಟ್ಟೀ ಕೈ ಸೋತೋಯ್ತು ಕಣಮ್ಮ. ಕೀಲು ನೀವೇ ತನ್ನಿ ಅಂತ ಮಾತ್ರ ಹೇಳ್ಬೇಡ. ಒದ್ದೋನು ಅವನು, ದುಡ್ಡು ತೆರೋಳು ನಾನಾ?"

ಮೇಲಿನವರಿಂದ ಉತ್ತರ ಬರಲಿಲ್ಲ. ಬದಲಿಗೆ ಯೋಜನೆಯ ಹೆಸರು ಬರೆದ, ನಗುವ ಮಕ್ಕಳ ಚಿತ್ರವಿದ್ದ ದೊಡ್ಡ ಬ್ಯಾನರ್ ಬಂತು. ಅದಕ್ಕೆ ಹಣವಿತ್ತು.

"ಏನೋ ಬಾಗಿಲಪ್ಪ, ಇನ್ನೂ ಇಲ್ಲೇ ಇದ್ದೀಯಾ?" ಎಂದು ಉಳಿದ ಮಕ್ಕಳು ಹುಡುಗನನ್ನು ಕಿಚಾಯಿಸುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ಒಳಗೆ ಬಂದಾಗ ಅವನು ತಾನೇ ಮಾಡಿದ ಬಾಗಿಲಿಗೆ ಒದೆಯಲು ಕಾಲೆತ್ತಿದ್ದ.

"ಇಳಿಸೋ ಕಾಲು!"

"ಯಾಕಕ್ಕಾ? ಮುರಿಯೋಕೆ ಯಾರ ಅನುದಾನಾನೂ ಬೇಕಾಗಿಲ್ವಲ್ಲ."

ಅಕ್ಕ ಉಳಿದಿದ್ದ ಗಟ್ಟಿಮರದ ತುಂಡನ್ನೆಳೆದು ಮೇಜಿನ ಮೇಲೆ ಕುಕ್ಕಿದಳು. "ಅವರ ಕೀಲು ಅವರೇ ಇಟ್ಕೊಳ್ಳಲಿ. ಕಬ್ಬಿಣ ಇಲ್ಲದ ಕಾಲದಲ್ಲೂ ಬಾಗಿಲಿತ್ತು ಕಣೋ. ಬಾಗಿಲಿನ ಅಂಚಿಗೆ ಮೇಲೊಂದು ಕೆಳಗೊಂದು ಮರದ ಗೂಟ, ಚೌಕಟ್ಟಲ್ಲಿ ಗೂಟ ಕೂರೋಕೆ ಗುಣಿ. ಗೂಟದ ಮೇಲೇ ತಿರುಗತ್ತೆ. ಹಿಡಿ ಉಳಿ."

ಅಜ್ಜಿಯಲ್ಲಿ ಕ್ಷಮೆ ಕೇಳುವ ಭೇಟಿಗೆ ಮಾತ್ರ ಹುಡುಗನಿಗೆ ಗೋಡೆ ದಾಟಲು ಅನುಮತಿಯಿತ್ತು. ಬಾಗಿಲು ಹೊತ್ತು ಹೊರಟವರನ್ನು ಕಾವಲುಗಾರ ತಡೆದ.

"ಕ್ಷಮೆ ಕೇಳೋಕೆ ಬಾಗಿಲು ಯಾಕಮ್ಮಾ?"

"ಬರಿಗೈಲಿ ಕೇಳೋಕಾಗತ್ತಾ? ಆ ಕಡೆ ಹಿಡಿ."

ಅಂಗಡಿಯಲ್ಲಿ ಮೊದಲ ಸಲ ಕೆಳಗಿನ ಗೂಟ ಉದ್ದವಾಗಿ ಬಾಗಿಲು ಸಿಕ್ಕಿಕೊಂಡಿತು. ಇಳಿಸಿ ಕೆತ್ತಿದರು. ಮತ್ತೆ ಸಿಕ್ಕಿಕೊಂಡಿತು. ಬೆವರು ಕಣ್ಣಿಗಿಳಿದರೂ ಹುಡುಗ ಅಕ್ಕನ ಕೈಗೆ ಉಳಿ ಕೊಡಲಿಲ್ಲ. ಬಾಲಮಂದಿರದಲ್ಲಿ ಮುಂದಿನ ಸರದಿಯ ಹುಡುಗ ಕಿಟಕಿ ಗಾಜು ಒಡೆದು ಬಂದವನೆಂಬುದು ಅಕ್ಕನಿಗೆ ನೆನಪಾಗಿ ಮೈಯುರಿಯಿತು. ಗಾಜನ್ನು ಮರದಲ್ಲಿ ಮಾಡುವುದು ಹೇಗೆ?

ಮೂರನೆಯ ಸಲ ಗೂಟ ಗುಣಿಯಲ್ಲಿ ಕೂತಿತು. ಬಾಗಿಲು ತಿರುಗಿತು, ಕಿರ್ರೋ ಎಂದು ಕಿರುಚುತ್ತಾ.

"ಕತ್ತೆ ಕಟ್ಟಿದ್ಯೇನೋ ಒಳಗೆ?" ಎನ್ನುತ್ತಾ ಅಜ್ಜಿ ಹೊಲಿಗೆ ಯಂತ್ರದ ಎಣ್ಣೆ ತಂದು ಗುಣಿಗೆ ತಾವೇ ಬಿಟ್ಟರು. "ಭದ್ರವಾಗಿ ನಿಂತಿದ್ಯಾ ನೋಡೋಣ," ಎಂದು ಹುಡುಗನನ್ನು ಹೊರಗೆ ನಿಲ್ಲಿಸಿ ಬಾಗಿಲೆಳೆದುಕೊಂಡರು.

ಒಳಗೆ ಅಗಳಿ ಬಿದ್ದ ಸದ್ದಾಯಿತು.