ಮೂಲೆ ಮಡಿಚದ ಚೀಟಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೋಸ ಮಾಡುತ್ತಿದ್ದೆ. ಒಂದೆರಡು ದಿನವಲ್ಲ, ಹದಿನೆಂಟು ವರ್ಷ. ಅದೂ ದೇವರ ಹೆಸರಿನಲ್ಲಿ, ಚರ್ಚಿನೊಳಗೇ ಕೂತು.

ನಮ್ಮ ನಿಂಬರ್ಗಾದ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಹೊಸ ವರ್ಷದ ಮೊದಲ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಪೀಠದ ಮುಂದೆ ಇಡುತ್ತಾರೆ. ಒಳಗೆ ದೇವರ ಹೆಸರುಗಳ ಚೀಟಿಗಳು. ಮೇಲೆ ಹೀಬ್ರೂ ಹೆಸರು, ಕೆಳಗೆ ಅದರ ಅರ್ಥ. ಯೆಹೋವ ಯೀರೆ ಎಂದರೆ ಒದಗಿಸುವವನು. ಯೆಹೋವ ರಾಫಾ ಎಂದರೆ ವಾಸಿಮಾಡುವವನು. ಯೆಹೋವ ಶಾಲೋಮ್ ಎಂದರೆ ಸಮಾಧಾನ ಕೊಡುವವನು. ಮನೆಗೊಬ್ಬರು ಕಣ್ಣು ಮುಚ್ಚಿ ಒಂದು ಚೀಟಿ ತೆಗೆಯಬೇಕು. ಬಂದ ಹೆಸರು ವರ್ಷವಿಡೀ ಆ ಮನೆಯ ಬಾಗಿಲ ಮೇಲಿರುತ್ತದೆ. ಚೀಟಿ ಬರೆಯುವವಳು ನಾನೇ, ವಿದ್ಯಾವತಿ. ಅಂಗನವಾಡಿ ಟೀಚರಾಗಿದ್ದವಳು, ಅಕ್ಷರ ದುಂಡಗಿವೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಹಿಂಬದಿಗೆ ಬರೆಯುತ್ತೇನೆ. ಬರೆಯುತ್ತ ಒಂದು ಯೀರೆ ಚೀಟಿಯ ಮೂಲೆಯನ್ನು ಉಗುರಿನಿಂದ ಚೂರು ಮಡಿಚಿಡುತ್ತಿದ್ದೆ. ಬೆರಳಿಗೆ ಸಿಕ್ಕರೆ ಸಾಕಲ್ಲ!

"ಏನ್ ಆಶೀರ್ವಾದರೀ ಟೀಚರ್ ಬಾಯಿ ನಿಮ್ಮ ಮನಿಗಿ, ಯಾವಾಗ ನೋಡಿದ್ರೂ ಯೀರೆನೇ ಬರ್ತದ" ಎಂದು ಪಾಸ್ಟರ್ ಅರುಣಕುಮಾರ ಅನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಎಂಥ ನಾಟಕ!

ಆ ಡಬ್ಬಿಯಲ್ಲಿ ನನಗೆ ಸೇರದ ಚೀಟಿ ಒಂದಿತ್ತು. ಎಲ್ ರೋಯಿ, ನನ್ನನ್ನು ನೋಡುವ ದೇವರು. ಬೇರೆಯವರಿಗೆ ಅದು ಧೈರ್ಯದ ಹೆಸರು. ಕದ್ದು ಮೂಲೆ ಮಡಿಚುವವಳಿಗೆ ಎಲ್ಲಿಯ ಧೈರ್ಯ? ಅದನ್ನು ಬರೆದೊಡನೆ ಬೋರಲು ಹಾಕಿಡುತ್ತಿದ್ದೆ.

ಈ ವರ್ಷ ಮೊಣಕಾಲು ಹಿಡಿದುಕೊಂಡು ನನಗೆ ಏಳಲಾಗಲಿಲ್ಲ. ನಮ್ಮ ಸರದಿ ಬಂದಾಗ ಸೊಸೆಯನ್ನು ಮುಂದೆ ನೂಕಿದೆ. ಭೀಮಾ ದಂಡೆಯ ಮಣ್ಣೂರಿನ ಒಕ್ಕಲುತನದ ಮನೆಯ ಹುಡುಗಿ. ನನ್ನ ಮಗ ಶಾಂತಕುಮಾರ ಹವಳಗಾದ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತ ತಾನೇ ಮೆಚ್ಚಿ ಮದುವೆಯಾಗಿ ಕರೆತಂದವಳು. ನಮ್ಮ ಜನವಲ್ಲ, ನಮ್ಮ ಪ್ರಾರ್ಥನೆ ಗೊತ್ತಿಲ್ಲ ಎಂಬ ಸಿಟ್ಟು ನನಗೆ. ಒಂದು ವರ್ಷದಲ್ಲಿ ಆಕೆಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಮನೆಯಲ್ಲಿ "ಏ ಹುಡುಗಿ", ಮಂದಿಯ ಮುಂದೆ "ನಮ್ಮ ಸೊಸಿ". ಆಗ ಆಕೆ ಏಳು ತಿಂಗಳ ಬಸುರಿ.

"ಮೂಲಿ ಮಡಚಿದ್ದು ಒಂದ್ ಇರ್ತದ, ಅದನ್ನೇ ತಗೀ" ಎಂದು ಕಿವಿಯಲ್ಲಿ ಪಿಸುಗುಟ್ಟಿದೆ. ಆಕೆ ಕಣ್ಣು ಮುಚ್ಚಿ ಕೈ ಹಾಕಿದಳು. ತೆಗೆದಳು. ಎಲ್ ರೋಯಿ!

ಮನೆಗೆ ಬಂದವಳೇ ಕೇಳಿದೆ, "ಕೈಯಾಗ ಜೀವ ಇರಲಿಲ್ಲೇನು ನಿನಗ?"

"ಮೂಲಿ ಸಿಕ್ಕಿತ್ತುರಿ ಅತ್ತಿ. ದೇವರ ಮುಂದ ಹಾಂಗ್ ಮಾಡೂದು ಅಂಜಿಕಿ ಬಂತು. ಬಿಟ್ಟುಬಿಟ್ಟೆ" ಎಂದಳು.

ಅಂದರೆ ಆಕೆಗೆ ಗೊತ್ತಾಯಿತು. ನಿನ್ನೆ ಮೊನ್ನೆ ಬಂದವಳಿಗೆ! ನಾಚಿಕೆ ಆಗಬೇಕಿತ್ತು. ಆದದ್ದು ಸಿಟ್ಟು. ಚೀಟಿ ಬಾಗಿಲ ಮೇಲೇರಿತು. ಅದರ ಕೆಳಗೆ ಹಾಯುವಾಗೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಪಂಪು ಸುಟ್ಟರೆ ಆ ಚೀಟಿಯಿಂದ, ಮೊಣಕಾಲು ಬಾತರೆ ಆ ಚೀಟಿಯಿಂದ, ಎಮ್ಮೆ ಒದ್ದರೂ ಆ ಚೀಟಿಯಿಂದಲೇ. ಬೈಗುಳ ಮಾತ್ರ ಸೊಸೆಗೆ.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಆಕೆ ತೊಗರಿಬೇಳೆ ಆರಿಸುತ್ತ ಕೇಳಿದಳು, "ಅತ್ತಿ, ಬಾಗಿಲ ಮ್ಯಾಗಿನ ಈ ಹೆಸರು ದೇವರಿಗಿ ಯಾರು ಇಟ್ಟಾರ್ರಿ?"

"ಹಾಗರ್ ಅಂತ ಒಬ್ಬಾಕಿ. ಅಬ್ರಹಾಮನ ಮನಿ ಆಳು. ಬಸರಿದ್ದಳು. ಒಡತಿ ಸಾರಾ ಕಾಡಿದ್ದಕ್ಕ ಅಡವಿಗಿ ಓಡಿ ನೀರಿನ ಬುಗ್ಗಿ ಹತ್ರ ಕುಂತಳು. ಅಲ್ಲಿ ದೇವದೂತ ಬಂದು ಮಾತಾಡಿಸಿದ. ಅದಕ್ಕ ಆಕಿ, ನನ್ನ ನೋಡೂ ದೇವರು ಅಂತ ಹೆಸರಿಟ್ಟಳು."

ಆಕೆ ಬೇಳೆಯೊಳಗಿನ ಒಂದು ಹರಳು ಆರಿಸಿ ಎಸೆದಳು. ಆಮೇಲೆ, "ಒಡತಿ ಯಾಕ ಕಾಡಿದಳ್ರಿ?" ಎಂದಳು.

ಅಷ್ಟೇ. ನೆತ್ತಿಗೇರಿತು ನನಗೆ. "ನನಗ ಕೇಳ್ತೀಯೇನ್ ಬೇ? ನನಗ? ನಡಿ ಹೊರಗ! ನಿನ್ನೂ ನೋಡ್ತಾನೇನು ನೋಡೇಬಿಡೂಣು!"

ಈ ಮಾತು ನನ್ನ ಬಾಯಿಂದಲೇ ಬಂತು. ಆಕೆ ಅಳಲಿಲ್ಲ. ಮೊರ ಬದಿಗಿಟ್ಟಳು, ಮೊಳೆಯಿಂದ ಆ ಚೀಟಿ ಬಿಡಿಸಿಕೊಂಡಳು, ಚಪ್ಪಲಿ ಮೆಟ್ಟಿ ಹೋದಳು. ಆಗ ಗಂಟೆ ಹನ್ನೊಂದು.

ಹೋದರೆ ಎಲ್ಲಿ ಹೋದಾಳು, ಪಕ್ಕದ ಮನೆಯಲ್ಲಿ ಕೂತಿರುತ್ತಾಳೆ ಎಂದುಕೊಂಡೆ. ಹನ್ನೆರಡೂವರೆಗೆ ನೋಡಿದರೆ ಅಲ್ಲಿಲ್ಲ. ಚರ್ಚಿನಲ್ಲೂ ಇಲ್ಲ. ಆಕೆಯ ನಂಬರಿಗೆ ಫೋನ್ ಹಚ್ಚಿದೆ. ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲೇ ರಿಂಗಾಯಿತು. ಮಣ್ಣೂರಿಗೆ ಹಚ್ಚಿದರೆ ಬೀಗತಿ, "ಇಲ್ಲಿ ಬಂದಿಲ್ಲಲ್ರೀ, ಯಾಕ್ರಿ, ಏನಾತ್ರಿ?" ಎಂದು ಗಾಬರಿಯಾದಳು. "ಏನಿಲ್ಲ, ಸುಮ್ನ ಕೇಳಿದೆ" ಎಂದು ಇಟ್ಟುಬಿಟ್ಟೆ. ಇನ್ನೊಂದು ಸುಳ್ಳು. ಶಾಂತಕುಮಾರ ಹಬ್ಬಕ್ಕೆಂದು ಸಂಜೆ ಬರುವವನಿದ್ದ. ಅವನಿಗೆ ಏನೆಂದು ಹೇಳಲಿ?

ಹಫೀಜನ ಆಟೋ ಕರೆದೆ. ನಮ್ಮ ಓಣಿಯ ಹುಡುಗರನ್ನು ಶಾಲೆಗೆ ಒಯ್ಯುವವನು, ಮಾತಿನಲ್ಲಿ ಯಾರನ್ನೂ ಬಿಡುವವನಲ್ಲ. ಅವನ ಹಿಂದೆ ಕೂತು ಇದ್ದದ್ದೆಲ್ಲ ಹೇಳಿಬಿಟ್ಟೆ, ಮೂಲೆ ಮಡಿಚಿದ್ದನ್ನೂ ಸೇರಿಸಿ. ಹೆದರಿಕೆಗೆ ನಾಲಿಗೆ ನಿಲ್ಲಲಿಲ್ಲ.

"ತೋಬಾ ತೋಬಾ. ನಿಮ್ಮ ಹಾಗರ್ ಅಂದ್ರ ನಮ್ಮ ಬೀಬಿ ಹಾಜರಾ. ಆಕಿ ಕತಿ ಹೇಳಿ ಬಸರಿ ಹುಡುಗಿಗಿ ಹೊರಗ್ ಹಾಕಿದ್ರೇನ್ರಿ? ಹಜ್‌ಗೆ ಹೋದ್ರ ನಮ್ಮ ಮಂದಿ ಆಕಿ ನೀರು ಹುಡುಕಿ ಓಡಿದ ನೆನಪಿಗಿ ಏಳು ಸಲ ಓಡಾಡ್ತಾರ. ಈಗ ನೀವೂ ಓಡಾಡ್ರಿ" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ನಾಲ್ಕು ಮಾತು ಬಿಗಿಯುತ್ತಿದ್ದೆ. ಆ ದಿನ "ಲಗೂ ಹೊಡಿ" ಎಂದಷ್ಟೇ ಅಂದೆ.

ಮಣ್ಣೂರಿನ ಕಡೆ ಹೋಗಲು ಅಫಜಲಪುರದ ಬಸ್ಸು ಹತ್ತುವ ಫಾಟಾದಲ್ಲಿ, ರಸ್ತೆ ಕೂಡುವಲ್ಲಿ, ಚಹಾದಂಗಡಿಯ ಖಂಡಪ್ಪ ಕೈ ಮಾಡಿ ಹೇಳಿದ, "ಬಸರಿ ಹೆಣ್ಮಗಳಲ್ರಿ? ಬಸ್ ತಪ್ಪಿತು ಆಕಿಗಿ. ನೀರು ಕೇಳಿದಳು, ನನ್ನ ಕೊಡಾ ಖಾಲಿ ಇತ್ತು. ತೊಗರಿ ಹೊಲದಾಗಿನ ಹಳೀ ಬಾವಿ ತೋರಿಸಿದೆ. ತಾಸಾತು, ಹೊಳ್ಳಿ ಬಂದಿಲ್ಲ."

ಹಳೇ ಬಾವಿ! ನಮ್ಮೂರಿನಲ್ಲಿ ಮನೆಯಲ್ಲಿ ಜಗಳವಾಗಿ ಹೆಣ್ಣುಮಗಳು ಕಾಣದಾದರೆ ಮೊದಲು ಇಣುಕುವುದೇ ಆ ಬಾವಿಗೆ. ಎರಡು ಸಲ ನಾನೂ ದಂಡೆಯಲ್ಲಿ ನಿಂತು ಹೆಣ ಎತ್ತಿದ್ದನ್ನು ನೋಡಿದ್ದೆ. ಹಫೀಜ ಏನೂ ಮಾತಾಡದೆ ಆಟೋ ತಿರುಗಿಸಿದ. ಅವನು ಸುಮ್ಮನಾದದ್ದಕ್ಕೇ ನನಗೆ ಇನ್ನಷ್ಟು ಭಯವಾಯಿತು.

ಹೊಲದೊಳಗೆ ಆಟೋ ಹೋಗುವುದಿಲ್ಲ. ಕೊಯ್ದ ತೊಗರಿಯ ಮೋಟುಗಳ ನಡುವೆ ಕುಂಟುತ್ತ ಓಡಿದೆ. ಕಾಲಿಗೆ ಚುಚ್ಚಿ ರಕ್ತ ಬಂದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಬಾವಿಯ ದಂಡೆಯ ಮೇಲೆ ಚಪ್ಪಲಿ. ಜೋಡಿಯಾಗಿ, ಒಂದರ ಪಕ್ಕ ಒಂದು. ಹಾರುವವರು ಹಾಗೆಯೇ ಬಿಟ್ಟಿರುತ್ತಾರೆ. ಪಕ್ಕದಲ್ಲಿ ಒಂದು ಕಲ್ಲು, ಅದರ ಕೆಳಗೆ ನನ್ನ ಅಕ್ಷರದ ಚೀಟಿ.

ನನ್ನನ್ನು ನೋಡುವ ದೇವರು.

ಬಗ್ಗಿ ನೋಡಿದೆ. ಹಸಿರು ನೀರು, ಅಲುಗಾಟವಿಲ್ಲ. ಆಚೆ ಬದಿಗೆ ಜಾಲಿ ಕಂಟಿ ಬಾಗಿ ಏನೂ ಕಾಣಲೊಲ್ಲದು. ಯಪ್ಪಾ ದೇವರೇ, ನಾನು ಕೊಂದೆನೇ! ಇಬ್ಬರನ್ನು! ಕೂಗಬೇಕೆಂದು ಬಾಯಿ ತೆರೆದೆ. "ಏ ಹುಡುಗಿ" ಅನ್ನಲು ಹೋದರೆ ನಾಲಿಗೆ ಏಳಲಿಲ್ಲ. ಅಷ್ಟು ಹೆದರಿಕೆಯಲ್ಲೂ ಒಂದು ನೆನಪಾಯಿತು ನೋಡಿ. ಆ ಕತೆಯಲ್ಲಿ ಸಾರಾ ಆಗಲಿ ಅಬ್ರಹಾಮ ಆಗಲಿ ಹಾಗರಳನ್ನು ಒಮ್ಮೆಯೂ ಹೆಸರಿನಿಂದ ಕರೆಯುವುದಿಲ್ಲ. ದಾಸಿ, ದಾಸಿ ಅನ್ನುತ್ತಾರೆ. ಮೊದಲು ಹೆಸರು ಹಿಡಿದು ಕರೆದವನು ದೇವದೂತ. ಹದಿನೆಂಟು ವರ್ಷ ಹೆಂಗಸರ ಸಂಘದಲ್ಲಿ ಅದನ್ನು ಓದಿ ಹೇಳಿದ್ದೇನೆ, ಗಮನಕ್ಕೇ ಬಂದಿರಲಿಲ್ಲ.

"ಭಾಗ್ಯಾ!" ಎಂದು ಕಿರುಚಿದೆ. "ಭಾಗ್ಯಾ! ಭಾಗ್ಯಾ!"

"ಯಾರದು?" ಎಂದಿತು ಕೆಳಗಿನಿಂದ ಒಂದು ದನಿ.

ಜಾಲಿ ಕಂಟಿಯ ಹಿಂದೆ ನೀರಿಗಿಳಿಯುವ ಪಾವಟಿಗೆಗಳಿದ್ದವು. ಕೊನೆಯ ಪಾವಟಿಗೆಯ ಮೇಲೆ ನೆರಳಿನಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ನೀರು ಕುಡಿಯಲು ಇಳಿದವಳಿಗೆ ತಲೆ ತಿರುಗಿ ಹತ್ತಲಾಗಿರಲಿಲ್ಲವಂತೆ. ಚೀಟಿ ತೊಯ್ಯದಿರಲೆಂದು ಮೇಲೆ ಕಲ್ಲು ಹೇರಿ ಬಂದಿದ್ದಳು. ನಾನು ಕುಂಡೆಯ ಮೇಲೆ ಕೂತು ಕೂತು ಒಂದೊಂದೇ ಪಾವಟಿಗೆ ಇಳಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

"ನೀವೇನ್ರಿ ಕೂಗಿದ್ದು? ಗುರ್ತೇ ಹತ್ತಲಿಲ್ಲ ನನಗ" ಎಂದಳು.

ಆಕೆಯ ಕಾಲು ಹಿಡಿದುಕೊಂಡು ಅತ್ತೆ. "ತಪ್ಪಾತು ಭಾಗ್ಯಾ, ಮನಿಗಿ ನಡಿ. ದೇವದೂತನೂ ಆಕಿಗಿ ಮನಿಗಿ ಹೊಳ್ಳಿ ಹೋಗು ಅಂದ."

"ಹೋದಳೇನ್ರಿ?"

"ಹೋದಳು."

"ಆಮ್ಯಾಲ ಆಕಿಗಿ ಚೊಲೋ ನೋಡಿಕೊಂಡ್ರೇನ್ರಿ?"

ಆಕೆಗೆ ಓದಲು ಬರುತ್ತದೆ, ಆದರೆ ಮುಂದಿನದು ಓದಿಲ್ಲ. ಹೌದು ಅಂದುಬಿಟ್ಟರೆ ಎದ್ದು ಬರುತ್ತಾಳೆ. ಮೂಲೆ ಮಡಿಚುವುದು ಅಷ್ಟೇ ಸುಲಭ. ಇಲ್ಲ ಅಂದರೆ? ನನ್ನ ಮೊಮ್ಮಗು ಆ ಹೊಟ್ಟೆಯಲ್ಲಿದೆ, ಸಂಜೆ ಮಗ ಬರುತ್ತಾನೆ, ಈಕೆ ಮಣ್ಣೂರಿನ ಬಸ್ಸು ಹತ್ತಿದರೆ ಮುಗಿಯಿತು.

"ಇಲ್ಲ" ಎಂದೆ. "ಮತ್ತ ಹೊರಗ್ ಹಾಕಿಸಿದಳು ಸಾರಾ. ಆಗ ಮಗನ್ನೂ ಕೂಡೆ."

ಭಾಗ್ಯಾ ನೀರಿನ ಕಡೆ ಮುಖ ತಿರುಗಿಸಿದಳು. ಮೇಲಿನಿಂದ ಹಫೀಜ, "ಸಿಕ್ಕರೇನ್ರಿ ಬಾಯಿ?" ಎಂದು ಕೂಗಿದ. ಸಿಕ್ಕಿದ್ದಾಳೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

"ಕೈ ಕೊಡ್ರಿ, ಕಾಲು ಜೋಮು ಹಿಡದಾವ" ಎಂದಳು ಆಕೆ ಕೊನೆಗೆ. ಎದ್ದು ನಿಂತು, ನನ್ನ ಕೈ ಬಿಡದೆ ಹೇಳಿದಳು, "ಬರ್ತೇನಿ. ಆದ್ರ ಆ ಚೀಟಿ ಬಾಗಿಲ ಮ್ಯಾಗ ಬ್ಯಾಡ್ರಿ. ನಿಮ್ಮ ಮಂಚದ ಎದುರಿಗೆ ಹಚ್ಚೂಣು."

ಅದೇ ಸಂಜೆ, ಶಾಂತಕುಮಾರ ಬರುವ ಮೊದಲೇ, ಆಕೆಯೇ ಮೊಳೆ ಹೊಡೆದಳು. ಈಗ ಮಗುವಿಗೆ ಮೂರು ತಿಂಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ನನಗೆ ಮೊದಲು ಕಾಣುವುದು ಆ ಚೀಟಿ. ಹೆದರಿಕೆ ಇನ್ನೂ ಹೋಗಿಲ್ಲ. ಹೆದರಿಕೆಯಾದಾಗೆಲ್ಲ ಏನಾದರೊಂದು ನೆಪ ತೆಗೆದು ಆಕೆಯನ್ನು ಹೆಸರು ಹಿಡಿದು ಕರೆಯುತ್ತೇನೆ, ಆಕೆ ಒಳಗಿನಿಂದ "ಬಂದೇರಿ" ಅನ್ನುವವರೆಗೂ ಉಸಿರು ಬಿಗಿಹಿಡಿದಿರುತ್ತೇನೆ.