ಅಂಬಿಗನ ಹನ್ನೆರಡು ಸಾಲು

ನಾಟಕದಲ್ಲಿ ಯಾರ ಕಣ್ಣಿಗೂ ಬೀಳದ ಕೆಲಸವೆಂದರೆ ಪಕ್ಕದ ಪರದೆಯ ಹಿಂದೆ ಕೂತು, ಮರೆತವರಿಗೆ ಮಾತು ಎತ್ತಿಕೊಡುವುದು. ಕಾವ್ಯಾಗೆ ಆ ಕೆಲಸ ಬಂದದ್ದು ಅವಳ ದನಿ ಸಣ್ಣದು ಎಂಬ ಒಂದೇ ಕಾರಣಕ್ಕೆ.

"ಈಗಿನ ಮೈಕು ಎಲ್ಲಾ ಹಿಡೀತಾವ," ಎಂದಿದ್ದರು ನಿರ್ದೇಶಕ ಶಾಂತಕುಮಾರ. "ನಿನ್ನ ದನಿ ಇರುವಿಗೂ ಕೇಳಂಗಿಲ್ಲ. ನೀನೇ ಕೂಡು."

ಮನೆಯಲ್ಲಿ ಎಲ್ಲರೂ ನಕ್ಕರು. ಈ ತೆಲುಗು ಮಹಾನಗರದ ಹಿಮಾಯತ್‌ನಗರ ಬಡಾವಣೆಯಲ್ಲಿ ಸೀರೆ ಅಂಗಡಿ ಇಟ್ಟ ಭಾಲ್ಕಿ ಕಡೆಯ ಮನೆತನ ಅವರದು. ದಿನವಿಡೀ ನಾಲ್ಕು ಭಾಷೆಯಲ್ಲಿ ಗಿರಾಕಿಗಳ ಜೊತೆ ಮಾತಾಡುವ ಜನ. ಅವರ ನಡುವೆ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ, ಕಿಟಕಿಯ ಪಕ್ಕ ಸುಮ್ಮನೆ ಕೂರುವ ಈ ಹುಡುಗಿ ಎಲ್ಲರಿಗೂ ಒಗಟಾಗಿದ್ದಳು. ಮಾತು ಎತ್ತಿಕೊಡುವ ಕೆಲಸ ಇವಳಿಗೆ ಸಿಕ್ಕಿದ್ದು ಅವರಿಗೆ ವಾರಕ್ಕಾಗುವಷ್ಟು ಮೋಜಾಯಿತು.

ಆದರೆ ಅದು ಮೋಜಿನ ಕೆಲಸವಾಗಿರಲಿಲ್ಲ. ನಾಟಕದ ಮುಖ್ಯ ಪಾತ್ರ ಅಮೃತಪ್ಪನವರದು. ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮೀಟರುಗಳ ಮುಳ್ಳು ನೋಡುತ್ತ ನಿವೃತ್ತರಾದವರು. ಅಷ್ಟೂ ವರ್ಷ ಅಲ್ಲಿನ ಕನ್ನಡಿಗರ ನಾಟಕಗಳಲ್ಲಿ ರಾಜನಾಗಿ, ಜಿಪುಣನಾಗಿ, ಯಮನಾಗಿ ನಿಂತವರು. ಹೋದ ವರ್ಷ ಒಂದು ಮಾತಿನ ನಡುವೆ ನಿಂತುಬಿಟ್ಟರು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹೊಡೆದರು. ಆಮೇಲೆ ಎರಡು ತಿಂಗಳು ಅವರು ಮನೆಯ ಗೇಟು ದಾಟಲಿಲ್ಲ.

ಈ ವರ್ಷ ನಗರದ ಕಲಾ ಸಪ್ತಾಹದಲ್ಲಿ ಮೊದಲ ಸಲ ಒಂದು ಕನ್ನಡ ನಾಟಕಕ್ಕೆ ಜಾಗ ಸಿಕ್ಕಿತ್ತು. ಏಳು ದಿನ, ಊರಿನ ತುಂಬ ಕುಣಿತ, ಹಾಡು, ಚಿತ್ರ, ನಾಟಕ. ಶನಿವಾರ ಸಂಜೆ ಇವರದು, ನಾಂಪಲ್ಲಿಯ ಸಭಾಂಗಣದಲ್ಲಿ. ನೋಡುವವರಲ್ಲಿ ಮುಕ್ಕಾಲು ಪಾಲು ಕನ್ನಡ ಬಾರದವರು. ಶಾಂತಕುಮಾರ ಆ ಪಾತ್ರವನ್ನು ವೈಭವನೆಂಬ ಹೊಸ ನಟನಿಗೂ ಕಲಿಸಿಟ್ಟಿದ್ದರು. "ಶನಿವಾರ ಮತ್ತ ನಿಂತ್ರಂದ್ರ ಮುಂದ ಎಲ್ಲಾ ಪ್ರಯೋಗ ಅಂವಂದೇ," ಎಂದು ಅಮೃತಪ್ಪನವರ ಎದುರಿಗೇ ಹೇಳಿದ್ದರು. ಅಮೃತಪ್ಪ ತಲೆಯಾಡಿಸಿದ್ದರು. ಅವರ ಹೆಂಡತಿ ಶಿವದೇವಿ ಮಾತ್ರ ಕಾವ್ಯಾಳನ್ನು ತಮ್ಮ ಮನೆಯ ಅಡುಗೆಮನೆಗೆ ಕರೆದು, ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡರು.

"ಅವರು ಮಂದಿ ಮುಂದ ನಗೆಪಾಟಲಾಗಬಾರ್ದವ್ವಾ. ನಿನ್ನ ಮ್ಯಾಲ ಬಿಟ್ಟೀನಿ."

"ಆಗಾಕ ಬಿಡಂಗಿಲ್ಲ ಚಿಗವ್ವಾ," ಎಂದಳು ಕಾವ್ಯಾ. ಅವಳು ಆ ತಿಂಗಳು ಆಡಿದ ಅತ್ಯಂತ ದೊಡ್ಡ ಮಾತು ಅದು.

ಕಲಾವಿದರಿಗೆಂದು ಕೊಟ್ಟ ಪಾಸು ಹಿಡಿದು ಅಮೃತಪ್ಪ ಸೋಮವಾರದಿಂದಲೇ ಅವಳನ್ನು ಕರೆದುಕೊಂಡು ತಿರುಗತೊಡಗಿದರು. ಮಾತು ಎತ್ತಿಕೊಡುವವರು ಮೊದಲು ಕೇಳುವುದನ್ನು ಕಲಿಯಬೇಕಂತೆ. ಮೊದಲ ದಿನ, ಡೋಲಿನೊಡನೆ ದೇವರ ಕಥೆ ಹಾಡುವ ತೆಲುಗು ಒಗ್ಗು ಕಥೆಯವರ ಮೇಳ. ಹದಿನಾರು ಮಂದಿ ವೃತ್ತವಾಗಿ ನಿಂತು ಬಾರಿಸತೊಡಗಿದರೆ ನೆಲದಿಂದ ನಡುಕ ಹತ್ತಿ ಹಲ್ಲಿನವರೆಗೆ ಬರುತ್ತಿತ್ತು. ಒಮ್ಮೆಗೇ, ಯಾವ ಸನ್ನೆಯೂ ಇಲ್ಲದೆ, ಹದಿನಾರೂ ಡೋಲು ನಿಂತವು. ಕಾವ್ಯಾ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಳು. ಸದ್ದು ಹೋದ ಜಾಗದಲ್ಲಿ ಏನೋ ದೊಡ್ಡದು ಬಂದು ನಿಂತಂತೆ, ಆನೆಯೊಂದು ಸಭಾಂಗಣದೊಳಗೆ ಬಂದು ಉಸಿರಾಡುತ್ತಿರುವಂತೆ ಅನಿಸಿತು. ಮತ್ತೆ ಡೋಲು ಶುರುವಾದಾಗ ಅವಳ ಕಣ್ಣಲ್ಲಿ ನೀರಿತ್ತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಬುಧವಾರ ಹಳೇ ಊರಿನ ಹವೇಲಿಯೊಂದರಲ್ಲಿ ದಖ್ಖನಿ ಉರ್ದು ಕವಿಗಳ ಗೋಷ್ಠಿ, ಮುಷಾಯಿರಾ. ಅಂಗಳದ ತುಂಬ ಜನ ವಾಹ್ ವಾಹ್ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಕವಿಯೊಬ್ಬರು ಎರಡನೇ ಸಾಲಿಗೆ ಮುಂಚೆ ತಡೆದು ನಿಂತರು. ಅಮೃತಪ್ಪ ಅವಳ ಮೊಣಕೈ ತಿವಿದರು.

"ಈಗ ಹೇಳು, ಅಂವ ಮರ್ತಾನೋ, ಬೇಕಂತ ನಿಂತಾನೋ?"

"ಗೊತ್ತಾಗಲಿಲ್ಲ ಕಾಕಾ."

"ಬಾಯಿ ನೋಡಬ್ಯಾಡ, ಎದಿ ನೋಡು. ಉಸಿರು ಹಿಡದಾನಂದ್ರ ಬೇಕಂತ ನಿಂತಾನ, ನೀ ಸುಮ್ನಿರು. ಉಸಿರು ಬಿಟ್ಟನಂದ್ರ ಮರ್ತಾನ. ಜಲ್ದಿ ಎತ್ತಿಕೊಡು."

ಕವಿಯ ಎದೆ ಉಬ್ಬಿಯೇ ಇತ್ತು. ಎರಡನೇ ಸಾಲು ಬಿದ್ದಾಗ ಅಂಗಳವೆಲ್ಲ ಎದ್ದು ನಿಂತಿತು.

"ನೋಡಿದಿಲ್ಲೊ, ಮುದುಕ ಭಾಳ ಹುಷಾರ್," ಎಂದು ಅಮೃತಪ್ಪ ಮಗುವಿನಂತೆ ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಮರಳುವಾಗ ಮಾತ್ರ ಸಪ್ಪಗಾದರು. "ನನಗ ಈಗೀಗ ಮಾತು ಹೋದ್ರ ಹಿಂದ ಬರಂಗಿಲ್ಲವ್ವಾ. ಮೊದಲ ಬಾಗಿಲ ಹಿಂದ ನಿಂತಿರ್ತಿದ್ದವು. ಈಗ ಬಾಗಿಲೇ ಇರಂಗಿಲ್ಲ."

ನಾಟಕ ಶಾಂತಕುಮಾರರೇ ಬರೆದದ್ದು. ಭೀಮಾ ಹೊಳೆಯ ಅಂಬಿಗನೊಬ್ಬನ ಕಥೆ. ಮಳೆಗಾಲದಲ್ಲಿ ಅವನ ದೋಣಿ ಮುಳುಗಿ ಹದಿನೇಳು ಜನ ಸಾಯುತ್ತಾರೆ; ಅಂಬಿಗನೊಬ್ಬನೇ ಉಳಿಯುತ್ತಾನೆ. ಅವನು ಮುದುಕನಾದ ಮೇಲೆ, ಅಂದು ಗಂಡನನ್ನು ಕಳೆದುಕೊಂಡ ಹೆಂಗಸು ಹುಡುಕಿಕೊಂಡು ಬಂದು ಕೇಳುತ್ತಾಳೆ: "ನೀ ಒಬ್ಬನ ಯಾಕ ಉಳದಿ?" ಅದಕ್ಕೆ ಅಂಬಿಗ ಹನ್ನೆರಡು ಸಾಲಿನ ಉತ್ತರ ಕೊಡಬೇಕು. ನಾಟಕದ ಶಿಖರವೇ ಅದು. ಅಮೃತಪ್ಪ ತಾಲೀಮಿನಲ್ಲಿ ಎಲ್ಲ ಕಡೆ ಸರಾಗವಾಗಿ ಹೋಗಿ ಅಲ್ಲಿ ಮಾತ್ರ ಎಡವುತ್ತಿದ್ದರು. ಅಂಗಿಯ ಜೇಬಿನಲ್ಲಿ ಆ ಸಾಲುಗಳ ಚೀಟಿ ಇಟ್ಟುಕೊಂಡು ಆಗಾಗ ಮುಟ್ಟಿ ನೋಡುತ್ತಿದ್ದರು. ಕಾವ್ಯಾ ಆ ಹನ್ನೆರಡು ಸಾಲನ್ನು ನಿದ್ದೆಯಲ್ಲೂ ಹೇಳಬಲ್ಲಳಾಗಿದ್ದಳು.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಪರದೆಯ ಸಂದಿಯಿಂದ ಕಾವ್ಯಾಗೆ ಕುರ್ಚಿಗಳ ಮೊದಲ ಮೂರು ಸಾಲು ಕಾಣುತ್ತಿತ್ತು. ತುದಿಯ ಕುರ್ಚಿಯಲ್ಲಿ ಶಿವದೇವಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ. ಅವರ ಪಕ್ಕ ಅಪರಿಚಿತ ತೆಲುಗು ಹೆಂಗಸರಿಬ್ಬರು, ಕುರುಕಲಿನ ಪೊಟ್ಟಣ ಬಿಚ್ಚುತ್ತ, ಮೆಲ್ಲಗೆ ಹರಟುತ್ತ.

ಮೊದಲ ಮುಕ್ಕಾಲು ಗಂಟೆ ಚೆನ್ನಾಗಿಯೇ ಹೋಯಿತು. ಬಳಿಕ ವಿಧವೆಯ ಪಾತ್ರದ ಸಪ್ನಾ ರಂಗದ ನಡುವೆ ಬಂದು ನಿಂತು ಕೇಳಿದಳು.

"ನೀ ಒಬ್ಬನ ಯಾಕ ಉಳದಿ?"

ಅಮೃತಪ್ಪ ಬಾಯಿ ತೆರೆದರು. ಮಾತು ಬರಲಿಲ್ಲ.

ಕಾವ್ಯಾ ಎದೆ ನೋಡಿದಳು. ಉಸಿರು ಹೊರಗೆ ಹೋಯಿತು. ಭುಜಗಳು ಇಳಿದವು. ಅನುಮಾನವೇ ಇರಲಿಲ್ಲ. 'ಹೊಳಿಗೆ ಕಣ್ಣಿಲ್ಲ ತಾಯಿ' ಎಂಬ ಮೊದಲ ಸಾಲು ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಅಮೃತಪ್ಪ ಕತ್ತು ಹೊರಳಿಸಿ ನೇರವಾಗಿ ಅವಳತ್ತ ನೋಡಿದರು. ನೀರಲ್ಲಿ ಬಿದ್ದವನು ದಡದಲ್ಲಿ ನಿಂತವರನ್ನು ನೋಡುವ ಹಾಗೆ.

ಅವಳು ಕೊಡಲಿಲ್ಲ.

ಕೊಡಬಾರದೆಂದು ಅವಳು ತೀರ್ಮಾನಿಸಿರಲಿಲ್ಲ. ತೀರ್ಮಾನಿಸುವಷ್ಟು ಹೊತ್ತೂ ಅದಲ್ಲ. ಆ ಮುಖದ ಎದುರು ಆ ಸಾಲು ಚಿಕ್ಕದಾಗಿ ಕಂಡಿತು, ಅಷ್ಟೆ. ಆ ಕ್ಷಣಕ್ಕೆ ಆ ಕಣ್ಣುಗಳಲ್ಲಿ ಇದ್ದದ್ದನ್ನು ಯಾರೂ ಬರೆದಿರಲಿಲ್ಲ. ಅದನ್ನು ಮುಚ್ಚಿಹಾಕಲು ತನಗೇನು ಹಕ್ಕು ಎನಿಸಿತು. ಅದೇ ಹೊತ್ತಿಗೆ ಶಿವದೇವಿಯ ಒದ್ದೆ ಕೈಯೂ ನೆನಪಾಯಿತು. ಆದರೂ ನೋಡುತ್ತಲೇ ಕೂತಳು.

ಅಮೃತಪ್ಪನವರ ಬಲಗೈ ಎದೆಯ ಹತ್ತಿರ ಹೋಯಿತು. ಚೀಟಿಯ ಜೇಬು ಹುಡುಕುತ್ತಿತ್ತು. ಅಂಬಿಗನ ಮೈಮೇಲೆ ಅಂಗಿ ಇರಲಿಲ್ಲ. ಬರಿಯ ಎದೆಯ ಮೇಲೆ ಬೆರಳುಗಳು ತಡಕಾಡಿದವು, ಅಲ್ಲಿಂದ ಸೊಂಟಕ್ಕೆ ಇಳಿದವು, ಕಡೆಗೆ ಜೋತುಬಿದ್ದವು. ಅವರು ಮತ್ತೆ ಪರದೆಯ ಕಡೆ ನೋಡಲಿಲ್ಲ. ನಿಧಾನವಾಗಿ ತಿರುಗಿ, ಪ್ರಶ್ನೆ ಕೇಳಿದ ಹೆಂಗಸಿನ ಮುಖ ನೋಡಿದರು. ಸುಮ್ಮನೆ ನೋಡುತ್ತಲೇ ನಿಂತರು.

ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ತೆಲುಗು ಹೆಂಗಸಿನ ಕೈ ಪೊಟ್ಟಣದೊಳಗೆ ಹೋದದ್ದು ಅಲ್ಲೇ ಉಳಿಯಿತು. ನಾನೂರು ಜನರ ಮೌನ ಎಷ್ಟು ಭಾರ ಇರುತ್ತದೆಂದು ಕಾವ್ಯಾಗೆ ಅಂದೇ ತಿಳಿದದ್ದು. ಆ ಭಾರವನ್ನು ಹೊತ್ತು ಒಬ್ಬ ಮುದುಕ ಬೆಳಕಿನಲ್ಲಿ ನಿಂತಿದ್ದ. ಅವನು ಅಮೃತಪ್ಪನೋ, ಹದಿನೇಳು ಜನರನ್ನು ಹೊಳೆಗೆ ಕೊಟ್ಟ ಅಂಬಿಗನೋ, ಅವಳಿಗೆ ಗೊತ್ತಾಗಲಿಲ್ಲ. ಒಂದು ನಿಮಿಷವೋ ಎರಡೋ, ಅದೂ ಗೊತ್ತಾಗಲಿಲ್ಲ.

ಕಡೆಗೆ ಸಪ್ನಾ, ಬೇರೆ ದಾರಿ ಕಾಣದೆ, ಹನ್ನೆರಡು ಸಾಲಿನ ನಂತರ ತಾನು ಹೇಳಬೇಕಾಗಿದ್ದ ಮಾತನ್ನು ಹೇಳಿಬಿಟ್ಟಳು.

"ಸಾಕು. ಇನ್ನ ಏನೂ ಹೇಳಬ್ಯಾಡ."

ಮೂರನೇ ಸಾಲಿನಲ್ಲಿ ಯಾರೋ ಬಿಕ್ಕಿದರು. ಅಮೃತಪ್ಪ ಮೊಣಕಾಲೂರಿ ಕುಸಿದು ಕೂತರು. ನಾಟಕದಲ್ಲಿ ಇಲ್ಲದ್ದು ಅದು. ಬೆಳಕು ಆರಿತು.

ಪರದೆ ಬಿದ್ದ ಮೇಲೆ ಕಾವ್ಯಾ ಕುರ್ಚಿಯಿಂದ ಏಳಲಿಲ್ಲ. ಚಪ್ಪಾಳೆ ಜೋರುಮಳೆಯಂತೆ ಸುರಿಯುತ್ತಲೇ ಇತ್ತು. ರಂಗದ ಹಿಂದೆ ಅಮೃತಪ್ಪನವರನ್ನು ಜನ ಮುತ್ತಿಕೊಂಡಿದ್ದರು. ಶಾಂತಕುಮಾರ ಅವರ ಎರಡೂ ಕೈ ಹಿಡಿದು ಅಲ್ಲಾಡಿಸುತ್ತಿದ್ದರು.

"ಹನ್ನೆರಡೂ ಸಾಲು ನುಂಗಿಬಿಟ್ರಲ್ರಿ! ಬರದಾಂವ ನಾನು, ನನಗ ಹೊಳೀಲಿಲ್ಲ ನೋಡ್ರಿ ಇದು!"

"ನುಂಗಿಲ್ಲೋ ಮಾರಾಯಾ. ಮರ್ತೆ."

"ಏನ್ ವಿನಯರೀ ನಿಮ್ಮದು!"

"ಬಿಲ್ಕುಲ್ ಮರ್ತೆ ಅಂತೀನಿ. ಒಂದು ಅಕ್ಷರ ಇರಲಿಲ್ಲ ತಲ್ಯಾಗ."

ಸುತ್ತ ನಿಂತವರು ನಕ್ಕರು. ದೊಡ್ಡ ನಟರು ಹೀಗೇ ಹೇಳುವುದು ಎಂದರು ಒಬ್ಬರು. "ಮುಂದಿನ ತಿಂಗಳು ಕಲಬುರ್ಗಿ," ಎಂದು ಶಾಂತಕುಮಾರ ಸಾರಿಬಿಟ್ಟರು. "ಇದೇ ಮೌನ, ಇಷ್ಟೇ ಹೊತ್ತು. ಗಡಿಯಾರ ಹಿಡದು ತಾಲೀಮು ಮಾಡೋಣು." ಅಮೃತಪ್ಪ ನಿಜವನ್ನು ಮೂರು ಸಲ ಹೇಳಿ ಕೈಬಿಟ್ಟರು.

ಮುಖ ತೊಳೆದು ಬಂದ ಮೇಲೆ ಅವರು ಹೆಂಡತಿಯನ್ನೂ ಕಾವ್ಯಾಳನ್ನೂ ಕರೆದುಕೊಂಡು ರಸ್ತೆಯಾಚೆಯ ಇರಾನಿ ಹೋಟೆಲಿಗೆ ಹೋದರು. ಚಹಾ ಬಂತು. ಶಿವದೇವಿಯೇ ಮೊದಲು ಬಾಯಿ ಬಿಟ್ಟರು.

"ನೀವು ಮರ್ತಿದ್ದನ್ನ ಅವರೆಲ್ಲಾ ನಂಬಲಿಕ್ಕಿಲ್ಲ. ನಲವತ್ತು ವರ್ಷ ಬಾಳೇವು ಮಾಡೀನಿ, ನನಗ ಗೊತ್ತಾಗಂಗಿಲ್ಲೇನು? ಎದಿ ಧಸಕ್ ಅಂತು." ಅವರು ಕಾವ್ಯಾಳತ್ತ ತಿರುಗಿದರು. ಕಣ್ಣಲ್ಲಿ ಸಿಟ್ಟಿತ್ತು. "ನೀ ಎಲ್ಲಿ ಹೋಗಿದ್ದಿ?"

"ಅಲ್ಲೇ ಇದ್ದೆ," ಎಂದಳು ಕಾವ್ಯಾ.

"ನಾ ನಿನ್ನ ಕಡೆ ನೋಡಿದೆ," ಎಂದರು ಅಮೃತಪ್ಪ.

"ನೋಡಿದ್ದು ಕಂಡಿತು ಕಾಕಾ."

"ಮತ್ತ?"

ತಡೆದು ತಡೆದು ಅವಳು ಹೇಳಿದಳು. "ಮಾತು ನಾಲಿಗಿ ಮ್ಯಾಲೇ ಇತ್ತು. ನಿಮ್ಮ ಮುಖ ನೋಡಿ ಕೊಡಾಕ ಆಗಲಿಲ್ಲ. ಕೊಟ್ರ ಕೆಟ್ಟು ಹೋಗ್ತೈತಿ ಅನಿಸ್ತು. ತಪ್ಪಾತು."

ಅಮೃತಪ್ಪ ಕಪ್ಪನ್ನು ಬಸಿಯಲ್ಲಿ ಒಂದು ಸುತ್ತು ತಿರುಗಿಸಿದರು. ಕಿವಿಯ ಹಿಂದೆ ಬಣ್ಣದ ಗೆರೆಯೊಂದು ಇನ್ನೂ ಉಳಿದಿತ್ತು.

"ಭಾಳ ಅಂಜಿದ್ದೆ," ಎಂದರು. "ನೀ ಕೊಡಂಗಿಲ್ಲ ಅಂತ ಗೊತ್ತಾದ ಮ್ಯಾಲ ಅಂಜಿಕಿನೂ ಹೋತು. ಎಲ್ಲಾ ಖಾಲಿ. ಎದುರಿಗೆ ಆ ಹೆಣ್ಮಗಳು, ಈ ಕಡೆ ನಾನು. ನಾ ಮಾಡಿದ ತಪ್ಪು ಏನೋ ಕೇಳಾಕತ್ತಾಳ ಅನಿಸ್ತು. ಇಷ್ಟು ವರ್ಷ ಪಾತ್ರ ಮಾಡೀನಿ ಕಾವ್ಯಾ, ಯಾರೂ ನನ್ನ ಹಂಗ ಕೇಳಿರಲಿಲ್ಲ."

ಶಿವದೇವಿ ಗಂಡನ ಮುಖವನ್ನೇ ನೋಡುತ್ತಿದ್ದರು. ಅವರ ಸಿಟ್ಟು ಎಲ್ಲಿ ಹೋಯಿತೋ. ತಮ್ಮ ಪಾಲಿನ ಉಸ್ಮಾನಿಯಾ ಬಿಸ್ಕೀಟನ್ನು ಸದ್ದಿಲ್ಲದೆ ಗಂಡನ ಬಸಿಯಲ್ಲಿಟ್ಟರು.

"ಪುಸ್ತಕ ಐತೇನು?" ಎಂದರು ಅಮೃತಪ್ಪ. "ಓದು. ಏನಿತ್ತು ನೋಡೋಣು."

ಕಾವ್ಯಾ ಚೀಲದಿಂದ ನಾಟಕದ ಪ್ರತಿ ತೆಗೆದು ಓದಿದಳು. ಕಪ್ಪುಬಸಿಗಳ ಗದ್ದಲದಲ್ಲಿ ಅವಳ ಸಣ್ಣ ದನಿ ಕೇಳಲೆಂದು ಇಬ್ಬರೂ ಮೇಜಿನ ಮೇಲೆ ಬಾಗಿದರು. ಹೊಳಿಗೆ ಕಣ್ಣಿಲ್ಲ ತಾಯಿ. ಗಾಳಿಗೆ ಕಿವಿ ಇಲ್ಲ. ಅಷ್ಟು ಮಂದಿ ಹತ್ತಬ್ಯಾಡ್ರಿ ಅಂತ ಕೈ ಮುಗದಿದ್ದೆ. ಹೀಗೆ ಹನ್ನೆರಡು ಸಾಲು. ಅಮೃತಪ್ಪ ಮೊದಲ ಸಲ ಕೇಳುವವರಂತೆ ಕೇಳಿದರು.

"ಚಲೋ ಬರದಾನ ಶಾಂತಕುಮಾರ. ಒಂದೂ ಸುಳ್ಳಿಲ್ಲ." ಎಂದು ತಲೆಯಾಡಿಸಿದರು. "ಆದ್ರ ಆಕಿ ಮುಖ ನೋಡಿದ ಮ್ಯಾಲ ಇದನ್ನ ಹೇಳಾಕ ನನಗ ಬಾಯಿ ಬರ್ತಿರಲಿಲ್ಲ."

"ಮತ್ತ ಕಲಬುರ್ಗಿ?" ಎಂದಳು ಕಾವ್ಯಾ.

"ಗಡಿಯಾರ ಹಿಡದು ಆ ಮೌನ ಮತ್ತ ಮಾಡಾಕ ನನಗಾಗಂಗಿಲ್ಲ. ಕಲಬುರ್ಗಿಗೆ ವೈಭವ ಹೋಗ್ಲಿ. ಅಂವಗ ಹನ್ನೆರಡೂ ಸಾಲು ಬಾಯಿಪಾಠ ಐತಿ."

ದುಃಖವಿಲ್ಲದೆ ಹೇಳಿದರು. ಹೇಳಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿದರು. ಅದು ಮೆತ್ತಗಾಗಿ ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, ಇನ್ನೊಂದು ಚಹಾ ಹೇಳಿದರು.